ಶಿಗ್ಗಾಂವದಲ್ಲಿ ಚಾರ್ಲ್ಸ್ ದೊರೆ

ಚಾರ್ಲ್ಸ್ ದೊರೆಯ ಪಾತ್ರವನ್ನು ಜಗದೀಶನೇ ಮಾಡುತ್ತಾನೆಂದು ಗೊತ್ತಾದ ದಿನವೇ ಸಿರಾಜುದ್ದೀನ ನಾಟಕವನ್ನು ವಾಪಸ್ಸು ಕೇಳಬೇಕಿತ್ತು. ಕೇಳಲಿಲ್ಲ. ತಡಸದ ಹತ್ತಿರ ಅವನು ಇತಿಹಾಸ ಕಲಿಸುವ ಕಾಲೇಜು ಜಗದೀಶನದು. ಸಿರಾಜುದ್ದೀನ ಅತಿಥಿ ಉಪನ್ಯಾಸಕ. ವರ್ಷವರ್ಷವೂ ಅವನ ನೇಮಕದ ಕಾಗದಕ್ಕೆ ಸಹಿ ಹಾಕುವವನು ಜಗದೀಶ.

ನಾಟಕವನ್ನು ಅವನು ಎರಡು ವರ್ಷ ಓದಿ ಬರೆದಿದ್ದ. ಮುನ್ನೂರೈವತ್ತು ವರ್ಷಗಳ ಹಿಂದೆ, ಪರದೇಶದಲ್ಲಿ ತಲೆಮರೆಸಿಕೊಂಡಿದ್ದ ಎರಡನೇ ಚಾರ್ಲ್ಸ್ ಇಂಗ್ಲೆಂಡಿಗೆ ಮರಳಿ ಪಟ್ಟಕ್ಕೇರಿದಾಗ, ಬಾಗಿಲು ಹಾಕಿದ್ದ ನಾಟಕಶಾಲೆಗಳು ಮತ್ತೆ ತೆರೆದವು. ಅಲ್ಲಿಯವರೆಗೆ ಗಂಡಸರು ಹಾಕುತ್ತಿದ್ದ ಹೆಣ್ಣುಪಾತ್ರಗಳಿಗೆ ಹೆಂಗಸರೇ ಬಂದರು. ಆಸ್ಥಾನದಲ್ಲಿ ಕುಡಿತ, ಮೋಜು, ಪೋಲಿ ಪದ್ಯ. ಮಂತ್ರಿ ಪದವಿ ಬೇಕಾದವರು ರಾಜನ ಪ್ರೇಯಸಿಯರ ಕೋಣೆಯ ಮುಂದೆ ಕಾಯುತ್ತಿದ್ದರು. ಇಷ್ಟು ಇತಿಹಾಸಕ್ಕೆ ಸಿರಾಜುದ್ದೀನ ಆನ್ ಎಂಬ ನಟಿಯನ್ನು ತಾನೇ ಕಲ್ಪಿಸಿ ಸೇರಿಸಿದ್ದ. ಕೊನೆಯ ದೃಶ್ಯದಲ್ಲಿ, ರಾಜ ಕೊಟ್ಟ ಬಂಗಲೆ ಮತ್ತು ಬಿರುದನ್ನು ಆನ್ ತುಂಬಿದ ಸಭೆಯಲ್ಲಿ ನಿರಾಕರಿಸಿ ಹೊರಟುಹೋಗುತ್ತಾಳೆ.

ಜಗದೀಶನಿಗೆ ಆ ವರ್ಷ ವಿಧಾನಸಭೆಯ ಟಿಕೆಟ್ ಬೇಕಾಗಿತ್ತು. ಪಕ್ಷದ ವೀಕ್ಷಕರನ್ನು ಕರೆಸಿ, ಜನ ತನ್ನನ್ನು ಹೇಗೆ ಮೆಚ್ಚುತ್ತಾರೆಂದು ತೋರಿಸಲು ಅವನಿಗೆ ನಾಟಕವೇ ಸರಿ ಅನಿಸಿತು. ಕೊನೆಯ ದೃಶ್ಯ ಓದಿದವನು ಹಸ್ತಪ್ರತಿಯ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಗೀಚಿದ.

"ರಾಜ ಅಂದಮ್ಯಾಲ ನಾಟಕದಾಕಿ ಮುಂದ ಸೋಲ್ತಾನೇನ್ರಿ ಮಾಸ್ತರ? ಆಕಿ ಕಾಲಿಗೆ ಬೀಳ್ಲಿ."

ಸಿರಾಜುದ್ದೀನ ಮರುದಿನವೇ ತಿದ್ದಿ ಕೊಟ್ಟ.

ಆನ್ ಪಾತ್ರಕ್ಕೆ ಹಾನಗಲ್ಲಿನ ನೀಲಾಂಬಿಕಾಳನ್ನು ಕರೆಸಿದರು. ಹದಿನಾರನೆಯ ವಯಸ್ಸಿಗೆ ನಾಟಕ ಕಂಪನಿ ಸೇರಿ, ಈಗ ಇಪ್ಪತ್ತು ವರ್ಷದಿಂದ ಬಣ್ಣ ಹಚ್ಚುತ್ತಿದ್ದವಳು. ಅವಳ ಕೈಗೆ ಮೊದಲು ಸಿಕ್ಕಿದ್ದು ತಿದ್ದದ ಪ್ರತಿ. ಹಾನಗಲ್ಲಿನಿಂದ ಬರುವ ಬಸ್ಸಿನಲ್ಲೇ ಅದನ್ನು ಬಾಯಿಪಾಠ ಮಾಡಿಬಿಟ್ಟಿದ್ದಳು. ಹೊಸ ಪುಟಗಳನ್ನು ಕೊಟ್ಟಾಗ ಒಮ್ಮೆ ಓದಿ, ಹಳೆಯದು ಯಾಕೆ ಬೇಡವಾಯಿತೆಂದು ಕೇಳಿದಳು. ಸಿರಾಜುದ್ದೀನ ಕನ್ನಡಕ ತೆಗೆದು ಒರೆಸಿದ.

ತಾಲೀಮಿನಲ್ಲಿ ಜಗದೀಶ ಮಾತು ಕಲಿಯಲಿಲ್ಲ. ರಾಜ ಆನ್‌ಳ ಕೈ ಹಿಡಿದೆಳೆಯುವ ಜಾಗವೊಂದನ್ನು ಮಾತ್ರ ದಿನಕ್ಕೆ ಆರೇಳು ಸಲ ಮಾಡಿಸಿದ. ರಾಜ ಹಾಗೇ ಇದ್ದನೆಂದು ಮಾಸ್ತರರೇ ಬರೆದಿದ್ದಾರಲ್ಲ ಎಂದು ನಗುತ್ತಿದ್ದ. ಐದನೆಯ ದಿನ ಉಳಿದವರನ್ನೆಲ್ಲ ಚಹಾಕ್ಕೆ ಕಳಿಸಿ ಬಣ್ಣದ ಕೋಣೆಯ ಬಾಗಿಲು ಹಾಕಿದ. ನೀಲಾಂಬಿಕಾ ಕೂಗಿ, ತಳ್ಳಿ, ಸೆರಗು ಹರಿದುಕೊಂಡು ಹೊರಬಂದಳು. ಮೆಟ್ಟಿಲ ಮೇಲೆ ಸಿರಾಜುದ್ದೀನ ನಿಂತಿದ್ದ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಇನ್ನ ಮೂರ ದಿನ ಐತಿ. ಹೆಂಗರ ಮಾಡಿ ತಡ್ಕೊರಿ," ಎಂದ.

"ತಡ್ಕೊಳ್ಳೋದು ನಿಮಗ ರೂಢಿ ಐತಿ ಸರ್. ನನಗ ಹೇಳಬ್ಯಾಡ್ರಿ."

ಅವಳು ಬಿಟ್ಟುಹೋಗುತ್ತಾಳೆಂದು ಎಲ್ಲರೂ ತಿಳಿದರು. ಅವಳು ಹೋಗಲಿಲ್ಲ.

ರವಿವಾರ ಮಧ್ಯಾಹ್ನ ಶಿಗ್ಗಾಂವದ ಸಭಾಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ವೀಕ್ಷಕರು, ಪಕ್ಕದಲ್ಲಿ ಜಗದೀಶನ ಹೆಂಡತಿ ವಿದ್ಯಾ. ಹುಬ್ಬಳ್ಳಿಯಿಂದ ತರಿಸಿದ ಗುಂಗುರು ಕೂದಲಿನ ವಿಗ್ಗು, ಜರಿಯ ಕೋಟು ಹಾಕಿ ಜಗದೀಶ ರಂಗಕ್ಕೆ ಬಂದಾಗ ಅವನ ಹುಡುಗರು ಶಿಳ್ಳೆ ಹೊಡೆದರು. ಪರದೆಯ ಹಿಂದಿನಿಂದ ಸಿರಾಜುದ್ದೀನ ಪ್ರತಿ ಮಾತನ್ನೂ ಹೇಳಿಕೊಡುತ್ತಿದ್ದ.

ಕೊನೆಯ ದೃಶ್ಯ ಬಂತು. ರಾಜ ಬಿರುದಿನ ಪತ್ರ ಚಾಚಿದ. ಆನ್ ಬಾಗಿ ಕಾಲು ಮುಟ್ಟಬೇಕಾದಲ್ಲಿ ನೀಲಾಂಬಿಕಾ ನೆಟ್ಟಗೆ ನಿಂತು ತಾನು ಮೊದಲು ಕಲಿತ ಮಾತನ್ನೇ ಆಡಿದಳು. "ಪ್ರಭು, ಮಂತ್ರಿ ಪೀಠ ಬೇಕಾದವರು ನನ್ನ ಕೋಣೆಯ ಮುಂದೆ ಸಾಲುಗಟ್ಟುವುದು ನನಗೆ ಬೇಡ. ನಿಮ್ಮ ಪತ್ರ ನಿಮ್ಮಲ್ಲೇ ಇರಲಿ."

ಜಗದೀಶ ಪರದೆಯತ್ತ ನೋಡಿದ. ಸಿರಾಜುದ್ದೀನನ ಕೈಯಲ್ಲಿದ್ದ ಪುಟದಲ್ಲಿ ಈ ಮಾತಿಗೆ ಉತ್ತರವಿರಲಿಲ್ಲ. ಜಗದೀಶ ಹತ್ತಿರ ಬಂದು ಅವಳ ಮಣಿಕಟ್ಟು ಹಿಡಿದು ಹಲ್ಲು ಕಚ್ಚಿ ಪಿಸುಗುಟ್ಟಿದ. "ಕಾಲ ಬೀಳ್. ಇಲ್ಲಾಂದ್ರ ಈ ಜಿಲ್ಲಾದಾಗ ಯಾವ ಸ್ಟೇಜೂ ಹತ್ತಂಗಿಲ್ಲ ನೀ."

ನೀಲಾಂಬಿಕಾ ಸಭೆಯ ಕಡೆ ತಿರುಗಿ, ಕೊನೆಯ ಸಾಲಿಗೂ ಕೇಳುವ ಕಂಪನಿ ದನಿಯಲ್ಲಿ ಹೇಳಿದಳು. "ಕೇಳಿದಿರಾ ಮಹಾಜನರೇ? ಕಾಲಿಗೆ ಬೀಳದಿದ್ದರೆ ಈ ಜಿಲ್ಲೆಯಲ್ಲಿ ನನಗೆ ರಂಗಸ್ಥಳವೇ ಇಲ್ಲವೆಂದು ಪ್ರಭುಗಳು ಅಪ್ಪಣೆ ಕೊಡಿಸುತ್ತಿದ್ದಾರೆ."

ಇಂಗ್ಲೆಂಡಿನ ರಾಜನಿಗೆ ಜಿಲ್ಲೆ ಎಲ್ಲಿಂದ ಬಂತೆಂದು ಕೆಲವರು ನಕ್ಕರು. ಜಗದೀಶನ ಮುಖ ಬಿಗಿದುಕೊಂಡಿತು. ಬಾಯಿ ಮುಚ್ಚದಿದ್ದರೆ ಮತ್ತೆ ಕೋಣೆಗೆ ಎಳೆದೊಯ್ಯುತ್ತೇನೆಂದು ಮತ್ತೂ ಮೆಲ್ಲಗೆ ಅಂದ. ಅವಳು ಅದನ್ನೂ ಹಾಗೆಯೇ ಗಟ್ಟಿಯಾಗಿ ಹೇಳಿದಳು. ಯಾವ ಕೋಣೆ, ಯಾವ ದಿನ, ಬಾಗಿಲು ಹಾಕಿದವರು ಯಾರು ಎಂಬುದನ್ನೂ ಸೇರಿಸಿದಳು. ಆಗ ನಗು ನಿಂತುಹೋಯಿತು. ಜಗದೀಶ ಅವಳ ಕೆನ್ನೆಗೆ ಹೊಡೆದ. ವಿಗ್ಗು ಜಾರಿ ಕಿವಿಯ ಮೇಲೆ ಬಿತ್ತು. ವಿದ್ಯಾ ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು. ವೀಕ್ಷಕರು ಅವಳ ಹಿಂದೆಯೇ ಹೋದರು.

ಅದೆಲ್ಲ ಅಭಿನಯವೆಂದು ಜಗದೀಶ ಮರುದಿನ ಪತ್ರಿಕೆಯವರಿಗೆ ಹೇಳಿದ. ನೀಲಾಂಬಿಕಾ ಠಾಣೆಗೆ ಹೋಗಿ ದೂರು ಕೊಟ್ಟಳು. ಕೋಣೆಯ ವಿಷಯಕ್ಕೆ ಸಾಕ್ಷಿ ಯಾರೆಂದು ಕೇಳಿದಾಗ ಸಿರಾಜುದ್ದೀನನ ಹೆಸರು ಬರೆಸಿದಳು.

ಅವನು ನಾಲ್ಕು ದಿನ ಫೋನ್ ಎತ್ತಲಿಲ್ಲ. ತನ್ನ ನಾಟಕದ ಕೊನೆಯ ಮಾತನ್ನು ಆ ಹೆಂಗಸು ಆಡಿ ಏಟು ತಿಂದಿದ್ದಳು. ತಾನು ಅದನ್ನು ಒಂದು ಸಹಿಗಾಗಿ ಹೊಡೆದುಹಾಕಿದ್ದ. ಐದನೆಯ ದಿನ ಕೆಂಪು ಗೀಚಿನ ಹಸ್ತಪ್ರತಿ ಹಿಡಿದು ಠಾಣೆಗೆ ಬಂದು, ಮೆಟ್ಟಿಲ ಮೇಲೆ ಕೇಳಿದ್ದನ್ನೆಲ್ಲ ಬರೆದುಕೊಟ್ಟ. ಮರುದಿನದಿಂದ ಕಾಲೇಜಿಗೆ ಬರಬೇಡವೆಂದು ಸಂದೇಶ ಬಂತು. ಜಗದೀಶನಿಗೆ ಟಿಕೆಟ್ ತಪ್ಪಿತು. ಮೊಕದ್ದಮೆ ಇನ್ನೂ ನಡೆದಿದೆ.

ಮೊದಲ ವಿಚಾರಣೆಯ ದಿನ ನ್ಯಾಯಾಲಯದ ಹೊರಗೆ ಸಿರಾಜುದ್ದೀನ ತನ್ನನ್ನು ಕ್ಷಮಿಸಬೇಕೆಂದು ಕೇಳಿದ.

"ಸಾಕ್ಷಿ ಹೇಳ್ರಿ, ಅಷ್ಟ ಸಾಕು," ಎಂದಳು ನೀಲಾಂಬಿಕಾ. "ಆ ದಿನ ಬಾಗಿಲ ಒದ್ದಿದ್ರ ಕ್ಷಮಾ ಕೇಳೋ ಕೆಲಸಾನ ಇರ್ತಿರಲಿಲ್ಲ."

ಅವಳು ವಕೀಲರ ಹಿಂದೆ ಒಳಗೆ ಹೋದಳು.