ಹೆಗಲ ಮೇಲಿನ ಊಟ

“ನಮ್ಮನೇಲಿದ್ದಾಗ ಅದು ಒಂದೇ ಒಂದು ಸಲಾನೂ ಕಕ್ಕಿಲ್ಲ. ಬೇಕಾದ್ರೆ ಆಣೆ ಮಾಡ್ತೀನಿ,” ಎಂದಳು ನಾಯಮ್ಮ.

ಕ್ಲಿನಿಕ್ಕಿನ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಬಡಗಿ ತೊಡೆಯ ಮೇಲಿದ್ದ ನಾಯಿಮರಿಯ ಬೆನ್ನು ಸವರುತ್ತಿದ್ದ. ಅವಳಿಂದ ಕೊಂಡುಹೋದಾಗ ಉಂಡುಂಡೆಯಾಗಿದ್ದ ಮರಿ; ಈಗ ಬೆನ್ನೆಲುಬಿನ ಒಂದೊಂದು ಗಂಟೂ ಕೈಗೆ ಸಿಗುತ್ತಿತ್ತು. ತಿಂದದ್ದೆಲ್ಲ ಹೊರಗೆ ಬರುತ್ತಿತ್ತು. “ಹುಟ್ಟಾ ಕರುಳು ಸರಿಯಿಲ್ಲ, ಸುಮ್ನೆ ನರಳಿಸಬೇಡಿ, ನಾಳೆ ಸಂಜೆ ತನ್ನಿ, ಒಂದು ಇಂಜೆಕ್ಷನ್ ಕೊಟ್ಟುಬಿಡ್ತೀನಿ, ನೋವೇ ಗೊತ್ತಾಗಲ್ಲ,” ಎಂದು ನಾಯಮ್ಮನ ನಾಯಿಗಳ ಹಳೇ ಡಾಕ್ಟರು ನಿನ್ನೆ ಹೇಳಿಬಿಟ್ಟಿದ್ದರು. ಆ ಸಂಜೆ ಇವತ್ತೇ.

ಬಡಗಿ ಒಪ್ಪಿರಲಿಲ್ಲ. ಬೆಳಿಗ್ಗೆಯೇ ಅವಳ ಗೇಟಿನ ಮುಂದೆ ಬಂದು ನಿಂತು, “ಇನ್ನೊಬ್ಬರಿಗೆ ತೋರಿಸ್ತೀನಿ. ನೀವೂ ಬನ್ನಿ. ನಾಳೆ ನನ್ನ ಮೇಲೆ ಗೂಬೆ ಕೂರಿಸೋದು ಬೇಡ,” ಎಂದಿದ್ದ. ಅವಳಿಗೆ ಮೈಯೆಲ್ಲ ಉರಿದಿತ್ತು. ಹಳೇ ಡಾಕ್ಟರೆಂದರೆ ಅವಳ ನಾಯಿಗಳಿಗೆ ಹೆರಿಗೆ ಕಷ್ಟವಾದಾಗಲೆಲ್ಲ ಕರೆದ ಹೊತ್ತಿಗೆ ಓಡಿಬಂದವರು. ಅವರ ಬೆನ್ನ ಹಿಂದೆ ಬೇರೆಯವರ ಬಾಗಿಲು ತಟ್ಟುವುದೇ? ಆದರೂ ಬಂದಿದ್ದಳು. ಬರದಿದ್ದರೆ ತಪ್ಪು ಒಪ್ಪಿಕೊಂಡ ಹಾಗಾಗುತ್ತದಲ್ಲ! ಅದೂ ಅಲ್ಲದೆ, ಗೇಟಿನಾಚೆ ಅವಳ ದನಿ ಕೇಳಿ ಮರಿ ಬಾಲ ಅಲ್ಲಾಡಿಸಿತ್ತು. ಆ ಬಾಲದಲ್ಲೂ ಶಕ್ತಿ ಇರಲಿಲ್ಲ.

ನಾಯಮ್ಮ ಎಂಬುದು ಬೀದಿಯವರಿಟ್ಟ ಹೆಸರು. ಮೊದಮೊದಲು ಹಿಂದಿನಿಂದ ಕರೆದು ನಗುತ್ತಿದ್ದರು. ಈಗ ಅವಳೇ ಫೋನೆತ್ತಿ “ನಾಯಮ್ಮ ಮಾತಾಡೋದು” ಎನ್ನುತ್ತಾಳೆ. ನಾಯಿ ಸಾಕಿ, ಮರಿ ಹಾಕಿಸಿ ಮಾರುವುದೇ ಅವಳ ಕಸುಬು. ಮಾರುವವಳಾದರೂ ಕೊಳ್ಳಲು ಬಂದವರನ್ನು ಹೆಣ್ಣು ಕೊಡುವವರ ಹಾಗೆ ಜಾಲಾಡುತ್ತಿದ್ದಳು. ಮರಿಯ ಜೊತೆ ಹಾಸಲು ಹಳೇ ಬಟ್ಟೆ, ವಾರಕ್ಕಾಗುವ ಆಹಾರ, ಎಲ್ಲ ಕಟ್ಟಿಕೊಡುತ್ತಿದ್ದಳು. ಮುದ್ದನ್ನು ಮಾತ್ರ ಕಳಿಸುತ್ತಿರಲಿಲ್ಲ. ಹೀಗೆ ತಟ್ಟಿದರೆ ಮಲಗುತ್ತೆ, ಹಾಗೆ ಕೆರೆದರೆ ಸುಮ್ಮನಾಗುತ್ತೆ ಅಂತೆಲ್ಲ ಹೇಳಿಬಿಟ್ಟರೆ ಮರಿ ಹಳೇ ಮನೆಯನ್ನೇ ಹುಡುಕುತ್ತದೆ, ಹೊಸಬರಿಗೆ ಒಗ್ಗುವುದಿಲ್ಲ ಎಂಬುದು ಅವಳ ಖಡಾಖಂಡಿತ ನಂಬಿಕೆ.

ಒಳಗಿನಿಂದ ಕರೆ ಬಂತು. ಹೊಸ ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು, ಕೂದಲನ್ನು ಪೆನ್ನು ಸಿಕ್ಕಿಸಿ ಕಟ್ಟಿದ್ದರು. ಮರಿಯ ಬಾಯಿ ನೋಡಿ, ಹೊಟ್ಟೆ ಒತ್ತಿ, “ಏನು ತಿನ್ನಿಸ್ತೀರಿ?” ಎಂದರು.

“ಏನೇನು ತಿಂದಿರುತ್ತೋ!” ನಾಯಮ್ಮ ಬಾಯಿ ಹಾಕಿದಳು. “ಮರಗೆಲಸದ ಮನೆ. ಹೊಟ್ಟು, ಅಂಟು, ಪಾಲಿಶು, ಎಲ್ಲ ನೆಕ್ಕಿರುತ್ತೆ.”

“ನೆಲ ಗುಡಿಸಿ ಗುಡಿಸಿ ನನ್ನ ಸೊಂಟ ಬಿದ್ದೋಗಿದೆ ಅಮ್ಮ. ನೀವು ಕೊಟ್ಟ ಚೀಲದಲ್ಲಿದ್ದದ್ದು ಬಿಟ್ಟು ಒಂದು ಚೂರು ಬೇರೆ ಹಾಕಿಲ್ಲ. ರೋಗದ ಮರೀನ ನನ್ನ ತಲೆಗೆ ಕಟ್ಟಿ, ಈಗ...”

“ಯಾರಪ್ಪಾ ರೋಗದ ಮರಿ ಕೊಟ್ಟಿದ್ದು? ನಾಲಿಗೆ ಬಿಗಿಹಿಡಿದು ಮಾತಾಡು!”

“ಇಬ್ರೂ ಒಂದು ನಿಮಿಷ ಬಾಯಿ ಮುಚ್ಚಿಕೊಂಡಿರ್ತೀರಾ?” ಎಂದರು ಡಾಕ್ಟರು. “ಈಗ ನನ್ನೆದುರಿಗೇ ತಿನ್ನಿಸಿ.”

ಬಡಗಿ ತಂದಿದ್ದ ಆಹಾರವನ್ನು ಬಟ್ಟಲಿಗೆ ಹಾಕಿ ನೆಲದ ಮೇಲಿಟ್ಟ. ಮರಿ ಬಟ್ಟಲೊಳಗೇ ಬೀಳುವ ಹಾಗೆ ಮುಗಿಬಿತ್ತು. ಪಾಪ, ಎಂಥ ಹಸಿವು! ತಿಂದು ತಲೆ ಎತ್ತಿತು, ಎರಡು ಹೆಜ್ಜೆ ನಡೆಯಿತು, ತಲೆ ಬಗ್ಗಿಸಿತು. ತಿಂದದ್ದು ತಿಂದ ಹಾಗೆಯೇ ಜಾರಿ ಹೊರಗೆ ಬಂತು. ಅದನ್ನೇ ಮತ್ತೆ ತಿನ್ನಲು ಹೋದ ಮರಿಯನ್ನು ಬಡಗಿ ಎಳೆದುಕೊಂಡ. ಅವನ ಕಣ್ಣು ತುಂಬಿತ್ತು.

“ಹೊಟ್ಟೆ ಹಿಂಡಲೇ ಇಲ್ಲ, ನೋಡಿದ್ರಾ? ಇದು ವಾಂತಿ ಅಲ್ಲ. ಊಟ ಹೊಟ್ಟೆಗೇ ಇಳಿದಿಲ್ಲ.” ಡಾಕ್ಟರು ನಾಯಮ್ಮನ ಕಡೆ ತಿರುಗಿದರು. “ನಿಮ್ಮನೇಲಿ ಹೇಗೆ ತಿನ್ನಿಸ್ತಿದ್ರಿ?”

“ಎಲ್ಲರ ಹಾಗೇನೇ. ಅದರಲ್ಲೇನಿದೆ?”

“ತೋರಿಸಿ.”

ನಾಯಮ್ಮ ಬಟ್ಟಲಿಗೆ ನೀರು ಹಾಕಿ ಬೆರಳಲ್ಲೇ ಕಿವುಚಿದಳು. ಮರಿಯನ್ನೆತ್ತಿ ನೆಟ್ಟಗೆ ಹೆಗಲಿಗೆ ಆನಿಸಿಕೊಂಡಳು. “ಬಾ ನನ್ನ ಕಂದ, ಬಾ,” ಎನ್ನುತ್ತ ಬೆರಳಿಂದ ತಿನ್ನಿಸಿದಳು. ಹುಟ್ಟಿದವುಗಳಲ್ಲಿ ಇದೇ ಎಲ್ಲಕ್ಕಿಂತ ಸಣ್ಣದು. ಮಿಕ್ಕವು ತುಳಿದು ಆಚೆ ತಳ್ಳುತ್ತವೆಂದು ಮೊದಲಿಂದಲೂ ಇದಕ್ಕೆ ಹೀಗೇ. ಮರಿ ಗುಟುಕು ಗುಟುಕಾಗಿ ನುಂಗಿತು. ಅವಳು ಬೆನ್ನು ತಟ್ಟುತ್ತ ಕೋಣೆಯಲ್ಲಿ ಅತ್ತಿತ್ತ ಓಡಾಡತೊಡಗಿದಳು. ಹೊರಗೆ ಏನೂ ಬರಲಿಲ್ಲ.

“ಎಷ್ಟು ಹೊತ್ತು ಎತ್ಕೊಂಡಿರ್ತೀರಿ?”

“ತೇಗೋವರೆಗೆ.”

ಹೇಳಿದ ಮೇಲೆ ಆ ಮಾತು ಅವಳಿಗೇ ಕೇಳಿಸಿತು. ತಟ್ಟುತ್ತಿದ್ದ ಕೈ ನಿಂತಿತು.

“ಇದನ್ನ ನನಗೆ ಯಾಕಮ್ಮ ಹೇಳಲಿಲ್ಲ?” ಬಡಗಿ ಮೆಲ್ಲಗೆ ಕೇಳಿದ. ಅವನು ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಗಂಟಲ ದಾರಿ ಕಾಣಲೆಂದು ಬಿಳಿ ಮದ್ದು ಕುಡಿಸಿ ಎಕ್ಸ್-ರೇ ತೆಗೆದರು. ಹೃದಯದ ಹತ್ತಿರದ ಒಂದು ರಕ್ತನಾಳ ತಪ್ಪು ದಾರಿಯಲ್ಲಿ ಬೆಳೆದು ಅನ್ನನಾಳವನ್ನು ಉಂಗುರದ ಹಾಗೆ ಬಿಗಿದಿತ್ತು. ಎತ್ತಿ ಹಿಡಿದು ತೆಳ್ಳಗೆ ತಿನ್ನಿಸಿದರೆ ಜಾರಿ ಇಳಿಯುತ್ತೆ, ನೆಲದ ಮೇಲಿಟ್ಟರೆ ಅಲ್ಲೇ ನಿಲ್ಲುತ್ತೆ ಎಂದರು ಡಾಕ್ಟರು.

“ಉಳಿಯುತ್ತಾ?” ಬಡಗಿ ಕೇಳಿದ.

“ಇಂಜೆಕ್ಷನ್ ಕೊಟ್ಟು ಕಳಿಸೋ ಮರಿ ಅಂತೂ ಅಲ್ಲ. ಆಪರೇಶನ್ ಇದೆ. ಆದ್ರೆ ಈಗಿರೋ ಮೈಯಲ್ಲಿ ತಡ್ಕೊಳ್ಳಲ್ಲ. ಸ್ವಲ್ಪ ಮೈ ಹಿಡೀಲಿ. ಅಲ್ಲೀವರೆಗೆ ಪ್ರತಿ ತುತ್ತೂ ಹೀಗೇ, ಹೆಗಲ ಮೇಲೆ. ಆಮೇಲೂ ಗ್ಯಾರಂಟಿ ಅಂತ ನಾನು ಹೇಳಲ್ಲ.”

ನಾಯಮ್ಮ ಮರಿಯನ್ನು ಎತ್ತಿಕೊಂಡೇ ಸ್ಟೂಲಿನ ಮೇಲೆ ಕೂತಳು. ಮಿಕ್ಕ ಮರಿಗಳ ಜೊತೆ ನೆಲಕ್ಕೆ ಬಿಟ್ಟಿದ್ದರೆ ಅವಳ ಅಂಗಳದಲ್ಲೇ ಕಕ್ಕುತ್ತಿತ್ತು, ಆಗಲೇ ಗೊತ್ತಾಗುತ್ತಿತ್ತು. ಮುದ್ದು ಮಾಡಿ ಮಾಡಿ ರೋಗವನ್ನು ಮುಚ್ಚಿಟ್ಟಿದ್ದಳು. ಕೊಡುವಾಗ ಆ ಮುದ್ದನ್ನು ಹೇಳಿಕೊಡದೆ ತನ್ನಲ್ಲೇ ಇಟ್ಟುಕೊಂಡಿದ್ದಳು.

ಫೋನು ರಿಂಗಾಯಿತು. ಹಳೇ ಡಾಕ್ಟರು. “ಕಾಯ್ತಾ ಇದೀನಿ. ಮರಿ ತರ್ತಾನಾ ಅವನು?”

“ಇಲ್ಲ ಡಾಕ್ಟ್ರೇ,” ಎಂದಳು. “ಬೇರೆಯವರಿಗೆ ತೋರಿಸಿದ್ವಿ. ನಾನೂ ಇಲ್ಲೇ ಇದೀನಿ.”

ಆ ಕಡೆಯಿಂದ ಫೋನು ಕಟ್ಟಾಯಿತು.

ಅವಳು ಬಡಗಿಯ ಕಡೆ ತಿರುಗಿದಳು. “ನೋಡಪ್ಪಾ, ಇದನ್ನ ನಾನು ವಾಪಸ್ ತಗೋತೀನಿ. ಇದರ ಅಣ್ಣ ಒಂದಿದೆ, ಗುಂಡುಕಲ್ಲಿನ ಹಾಗಿದೆ. ಅದನ್ನ ತಗೊಂಡು ಹೋಗು.”

“ಅದನ್ನ ತಗೊಂಡು ಏನು ಮಾಡ್ಲಿ? ಮನೇಲಿ ನಮ್ಮಕ್ಕ ಇದಕ್ಕೆ ಆಗ್ಲೇ ಹೆಸರಿಟ್ಟು ಬೈಯೋಕೆ ಶುರುಮಾಡಿದಾಳೆ.” ಅವನು ಎರಡೂ ಕೈ ಚಾಚಿದ. “ಹೇಗೆ ಎತ್ಕೋಬೇಕು, ತೋರಿಸಿ.”

ಅವಳು ಮರಿಯನ್ನು ಅವನ ಹೆಗಲಿಗಿಟ್ಟಳು. “ಹಲಗೆ ಹಿಡಿದ ಹಾಗೆ ಹಿಡೀಬೇಡ ಮಾರಾಯ. ಕೆಳಗೆ ಕೈ ಕೊಡು. ಹಾಂ.” ಬಟ್ಟಲಲ್ಲಿ ಉಳಿದಿದ್ದನ್ನು ಅವನ ಬೆರಳಿಗೆ ಸವರಿದಳು. ಮರಿ ನೆಕ್ಕಿತು, ನುಂಗಿತು. ಅವನು ಉಸಿರು ಬಿಗಿಹಿಡಿದು ಗೋಡೆಯವರೆಗೆ ಹೋದ, ತಿರುಗಿ ಬಂದ, ಮತ್ತೆ ಹೋದ. ನಾಯಮ್ಮ ಮರಿಯ ಗಂಟಲಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

ಮರಿ ಸಣ್ಣಗೆ ತೇಗಿತು.

“ಆಯ್ತು, ಇನ್ನು ಇಳಿಸಬಹುದು,” ಎಂದಳು ಅವಳು. ಅವನು ಇಳಿಸಲಿಲ್ಲ. ಅಂಗಿಯ ಹೆಗಲಿಗೆ ಅಂಟಿದ್ದ ಮರದ ಹೊಟ್ಟನ್ನು ಒಂದು ಕೈಯಲ್ಲಿ ಕೊಡವಿಕೊಂಡು, ಮರಿಯನ್ನು ಇನ್ನಷ್ಟು ಮೇಲಕ್ಕೆ ಎತ್ತಿಕೊಂಡು, ಗೋಡೆಯ ಕಡೆಗೆ ಮತ್ತೆ ನಡೆದ.