ಉಗುರಿನ ಮಣ್ಣು

"ನೀನು ಬೀಜ ಹಾಕ್ತಿರೋ ತನಕ ಆ ಹೊಲ ನಿಂದೇ. ಸತತ ಮೂರು ಹಂಗಾಮು ಬೀಳು ಬಿಟ್ರೆ ಮಾತ್ರ ಊರಿಗೆ ವಾಪಸ್ಸು. ಇದು ನನ್ನ ಮಾತು."

ನಮ್ಮೂರ ದೊರೆ ಸೆಂಪೆ ಚಾವಡಿಯ ಕಲ್ಲಿನ ಮೇಲೆ ಕೂತು, ಎಲ್ಲರೆದುರು, ಮಾಕೆಲೆಲ್ಲೊಗೆ ಹೀಗೆ ಹೇಳಿ ಇಪ್ಪತ್ತೊಂದು ವರ್ಷವಾಯಿತು. ಅವಳ ಗಂಡ ಗಡಿಯಾಚೆಯ ಚಿನ್ನದ ಗಣಿಯಲ್ಲಿ ಸತ್ತ ವರ್ಷ ಅದು. ಮಗಳು ಕೆಲೆಲ್ಲೊ ಆಗ ಕಂಬಳಿಯೊಳಗೆ ಬೆನ್ನಿಗೆ ಕಟ್ಟಿಕೊಳ್ಳುವಷ್ಟು ಚಿಕ್ಕವಳು.

ಆ ಹೊಲವನ್ನು ಆಗ ಯಾರೂ ಕೇಳುತ್ತಿರಲಿಲ್ಲ. ಊರಿನಿಂದ ಒಂದು ಗಂಟೆ ಏರಬೇಕು. ಮಧ್ಯಾಹ್ನದವರೆಗೂ ಮಂಜು ಕದಲುವುದಿಲ್ಲ. ಮೆಕ್ಕೆಜೋಳ ಹಾಕಿದರೆ ತೆನೆ ಕಟ್ಟುವ ಮೊದಲೇ ಹಿಮ ಬೀಳುತ್ತದೆ. ಬರುವುದು ಎರಡೇ, ಬಟಾಣಿ ಮತ್ತು ಭಂಗಿ. ಬಟಾಣಿ ಹೊಟ್ಟೆಗೆ. ಭಂಗಿ ಸಾಬೂನಿಗೆ, ಸೀಮೆಎಣ್ಣೆಗೆ, ಸ್ಕೂಲಿನ ಯೂನಿಫಾರ್ಮಿಗೆ. ಕತ್ತೆಗಳ ಮೇಲೆ ಹೇರಿ ಗಡಿ ದಾಟಿಸುವವರು ಬಂದು ಒಯ್ಯುತ್ತಿದ್ದರು. ಕಾನೂನಿಗೆ ಗೊತ್ತಿತ್ತು. ಕಾನೂನೂ ಆಗಾಗ ಸೇದುತ್ತಿತ್ತು.

ಮಾಕೆಲೆಲ್ಲೊಳ ಭಂಗಿ ಆಳಿಗಿಂತ ಎತ್ತರ. ಎಲೆ ತೆಳು, ಹೂವು ಮೇಕೆಯ ಗಡ್ಡದಂತೆ ಸಡಿಲ. ಗಾಳಿ ಒಳಹೊಕ್ಕು ಹೊರಬರುತ್ತದೆ, ಥಂಡಿ ಒಳಗೆ ಕೂರುವುದಿಲ್ಲ. ಆದರೆ ಈ ಜಾತಿಯ ಗಿಡ ಬಲು ನಿಧಾನ, ಬಿಸಿಲು ಸೀಮೆಯದು. ಅದು ಹಿಮಕ್ಕೆ ಮೊದಲೇ ಮಾಗುವಂತೆ ಮಾಡಿದವರು ಅವಳ ಅತ್ತೆ, ಆಮೇಲೆ ಅವಳು. ಪ್ರತಿ ವರ್ಷ ಎಲ್ಲಕ್ಕಿಂತ ಮೊದಲು ಮಾಗಿದ, ಒಂದು ಚುಕ್ಕೆ ಬೂಸಲೂ ಇಲ್ಲದ ಗಿಡಕ್ಕೆ ಕೆಂಪು ನೂಲು ಕಟ್ಟುವುದು, ಬೀಜಕ್ಕೆ ಅದೊಂದನ್ನೇ ಇಟ್ಟುಕೊಳ್ಳುವುದು. ಮನೆಯಲ್ಲಿ ಹಿಟ್ಟಿಲ್ಲದ ವರ್ಷವೂ ಆ ಗಿಡವನ್ನು ಮಾರುವಂತಿಲ್ಲ. ಇಬ್ಬರದೂ ಸೇರಿ ನಲವತ್ತು ವರ್ಷದ ಕೆಲಸ.

ಆಮೇಲೆ ಸರ್ಕಾರ ಭಂಗಿ ಬೆಳೆಯಲು ಪರವಾನಗಿ ಕೊಟ್ಟಿತು. ನಮಗಲ್ಲ. ಆ ಪರವಾನಗಿಯ ಬೆಲೆಗೆ ನಮ್ಮೂರನ್ನು ದನಕರು ಸಮೇತ ಎರಡು ಸಲ ಕೊಳ್ಳಬಹುದಿತ್ತು. ಕಂಪನಿಯೊಂದು ಬಂತು. ಕಣಿವೆಯಲ್ಲಿ ಪ್ಲಾಸ್ಟಿಕ್ ಮನೆಗಳೆದ್ದವು. ಅವರು ತಂದ ಗಿಡದ ಹೂವು ಮುಷ್ಟಿಯಷ್ಟು ಗಟ್ಟಿ, ನೋಡಲು ಚೆಂದ. ಫೆಬ್ರವರಿಯ ಮಂಜಿನಲ್ಲಿ ಬಿಡಿಸಿ ನೋಡಿದರೆ ಒಳಗೆಲ್ಲ ಬೂದು ಬಣ್ಣದ ಕೊಳೆ.

ಮ್ಯಾನೇಜರ್ ಹೆನ್ನಿ ಬಾಡಿಗೆ ಕುದುರೆ ಹತ್ತಿ ಅವಳ ಹೊಲಕ್ಕೆ ಬಂದ.

"ಇದು ಯಾವ ತಳಿ?"

"ನನ್ನ ತಳಿ."

"ಸಟೈವಾ ಅಂಶ ಜಾಸ್ತಿ ಇದೆ, ಬಿಸಿಲು ಸೀಮೆ ಜಾತಿ. ಇಷ್ಟು ಥಂಡಿಗೆ ಹೆಂಗ್ ಬಂತು ಇಲ್ಲಿಗೆ?"

"ನಡ್ಕೊಂಡು," ಅಂದಳು ಮಾಕೆಲೆಲ್ಲೊ.

ಒಂದು ಡಬ್ಬಿ ಬೀಜ ಕೊಟ್ಟಳು. ಬದಲಿಗೆ ಕೆಲಸ ಸಿಕ್ಕಿತು. ಮಗಳಿಗೆ ರಾಜಧಾನಿ ಮಸೇರುವಿನಲ್ಲಿ ನರ್ಸಿಂಗ್ ಸೀಟು ಸಿಕ್ಕ ವರ್ಷ, ಬೇಡ ಅನ್ನುವಂತಿರಲಿಲ್ಲ. ನನ್ನ ಮನೆಯಲ್ಲೂ ಎರಡು ಹೊಟ್ಟೆ. ನಾನೂ ಅದೇ ವಾರ ಸೇರಿದೆ.

ಕರಾರಿನ ಕಾಗದವನ್ನು ಮಾಕೆಲೆಲ್ಲೊ ಪೂರ್ತಿ ಓದಿಯೇ ಸಹಿ ಹಾಕಿದಳು. ನಮ್ಮ ಕಡೆ ಗಂಡಸರು ದನದ ಹಿಂದೆ ಹೋದರೆ ಹೆಂಗಸರು ಶಾಲೆಗೆ ಹೋಗಿರುತ್ತೇವೆ. ಅದರಲ್ಲಿದ್ದುದು ಇಷ್ಟು: ಬೇರೆ ಯಾವ ಹೊಲದ ಮಣ್ಣನ್ನೂ, ಯಾವ ಬೆಳೆಗಾದರೂ ಸರಿ, ಕೆಲಸದವರು ಮುಟ್ಟುವಂತಿಲ್ಲ. ಕೈಯಲ್ಲಿ ನುಸಿ ಬರುತ್ತದೆ, ಬೂಸಲು ಬರುತ್ತದೆ. ದಿನಾ ಗೇಟಿನಲ್ಲಿ ಉಗುರು ನೋಡುತ್ತಾರೆ. ಮಣ್ಣು ಕಂಡರೆ ಮನೆಗೆ. ಊರವರ ಭಂಗಿಯನ್ನಂತೂ ಪೊಲೀಸರೇ ಬಂದು ಕಿತ್ತು ಸುಟ್ಟರು. ಅದರ ಗಂಡು ಹೂವಿನ ಧೂಳು ಹಾರಿ ಬಂದರೆ ಕಂಪನಿಯ ಗಿಡ ಬೀಜ ಕಟ್ಟಿ ಕೆಡುತ್ತದಂತೆ.

"ಅಕ್ಕಾ, ನಿನ್ನ ಹೊಲದ ಗತಿ?" ಅಂದೆ.

"ಮೂರು ಹಂಗಾಮು ಟೈಮಿದೆ ಕಣೇ. ಅಷ್ಟರಲ್ಲಿ ಹುಡುಗಿ ಓದು ಮುಗೀತದೆ."

ಮುಗಿಯಲಿಲ್ಲ. ಮೂರನೆಯ ಬಿತ್ತನೆ ಅಕ್ಟೋಬರಿಗೆ ಬಂತು. ಮಗಳ ಕೊನೆಯ ಪರೀಕ್ಷೆ ಜೂನ್‌ನಲ್ಲಿ. ನಡುವೆ ಎಂಟು ತಿಂಗಳು. ಬಿತ್ತಿದರೆ ಕೆಲಸ ಹೋಗುತ್ತದೆ, ಓದು ನಿಲ್ಲುತ್ತದೆ. ಬಿತ್ತದಿದ್ದರೆ ಹೊಲ ಹೋಗುತ್ತದೆ. ಕೂಲಿಗೆ ಬಿತ್ತಿಸೋಣವೆಂದರೆ ಊರಿನಲ್ಲಿ ಕಂಪನಿಗೆ ಹೋಗದ ಕೈ ಎಂದರೆ ಮುದುಕರದ್ದು ಮತ್ತು ಕೂಸುಗಳದ್ದು.

ಅವಳು ದೊರೆಯ ಬಳಿ ಹೋದಳು. ಜೊತೆಗೆ ನಾನಿದ್ದೆ. ದೊರೆ ಹೊಸ ಪಿಕಪ್ ಒರೆಸುತ್ತಿದ್ದ.

"ದೊರೆ, ನಾನು ಸೋಮಾರಿ ಬಿದ್ದು ಬೀಳು ಬಿಟ್ಟಿಲ್ಲ. ಕಂಪನಿ ಬಿಡ್ತಿಲ್ಲ."

"ಗೊತ್ತು ಕಣಮ್ಮಾ. ಆದ್ರೆ ಚಾವಡೀಲಿ ಆಡಿದ ಮಾತು. ನಿನ್ನೊಬ್ಬಳಿಗೆ ಅಂತ ಬಗ್ಗಿಸೋಕಾಗ್ತದಾ?"

"ಎರಡು ದಿನ ಮಣ್ಣು ಮುಟ್ಟೋಕೆ ಬಿಡಿ ಅಂತ ಅವರಿಗಾದ್ರೂ ಹೇಳಿ."

"ಅವರ ಬೇಲಿ ಒಳಗೆ ನನ್ನ ಮಾತು ಎಲ್ಲಿ ನಡೀತದೆ?" ಎಂದು ಕನ್ನಡಿಗೆ ಉಸಿರು ಊದಿ ಮತ್ತೆ ಒರೆಸಿದ.

ಹೆನ್ನಿಯನ್ನು ಕೇಳಿದಳು. ಅವನು ಕರಾರಿನ ಪುಟ ತೆಗೆದು ಬೆರಳಿಟ್ಟು ತೋರಿಸಿದ.

ಕಂಪನಿಯಲ್ಲಿ ಅದು ಗಂಡು ಗಿಡ ಕೀಳುವ ವಾರ. ಗೆಣ್ಣಿನಲ್ಲಿ ಸಾಸಿವೆಯಷ್ಟು ಮೊಗ್ಗು ಕಾಣುತ್ತದೆ. ನೋಡಿ ನೋಡಿ ಪಳಗಿದ ಕಣ್ಣಿಗೆ ಮಾತ್ರ ಗಂಡೋ ಹೆಣ್ಣೋ ಗೊತ್ತಾಗುತ್ತದೆ. ಒಂದು ತಪ್ಪಿದರೂ ಇಡೀ ಪ್ಲಾಸ್ಟಿಕ್ ಮನೆಯ ಹೂವು ಬೀಜವಾಗುತ್ತದೆ. ಆ ಕೆಲಸದ ನಾವು ಮೂವತ್ತೆರಡು ಹೆಂಗಸರೂ ನಿಲುವಂಗಿ ಬದಲಿಸುವ ಕೋಣೆಯಲ್ಲಿದ್ದಾಗ ನಮ್ಮ ಜೊತೆಯ ಮಾಲಿಂಪೊ ಮಾತು ತೆಗೆದಳು. ಅವಳ ಬಾಯಿಗೆ ಕಾವಲುಗಾರರೂ ಹೆದರುತ್ತಾರೆ.

"ಒಬ್ಬಳ ಉಗುರಲ್ಲಿ ಮಣ್ಣಿದ್ರೆ ಒಬ್ಬಳನ್ನ ಓಡಿಸ್ತಾನೆ. ಮೂವತ್ತೆರಡು ಜನರದ್ದೂ ಇದ್ರೆ?"

"ಎಲ್ಲಾರನ್ನೂ ಓಡಿಸ್ತಾನೆ," ಅಂದೆ ನಾನು.

"ಓಡಿಸಲಿ. ಗಂಡು ಗಿಡ ಕೀಳೋಕೆ ಅವರಮ್ಮನ್ನ ಕರೆಸ್ತಾನಾ?"

"ನನ್ನ ಹೊಲಕ್ಕೆ ನೀವ್ಯಾಕ್ರೇ ಸಾಯ್ತೀರಿ?" ಅಂದಳು ಮಾಕೆಲೆಲ್ಲೊ.

"ನೀನು ಸುಮ್ನಿರಕ್ಕ. ನನ್ನ ಕೈಗೂ ಮಣ್ಣು ಕಾಣದೆ ಮೂರು ವರ್ಷ ಆಯ್ತು. ಆಸ್ಪತ್ರೆ ಹೆಣದ ಕೈ ಆದಂಗಾಗಿದೆ."

ಭಾನುವಾರ ಗುದ್ದಲಿ ಹೊತ್ತು ಮೂವತ್ತೆರಡು ಜನ ಏರಿದೆವು. ನನಗೆ ಹೆದರಿಕೆಯಿರಲಿಲ್ಲ ಎಂದರೆ ಸುಳ್ಳು. ದಾರಿಯುದ್ದಕ್ಕೂ ಮನೆಯ ಹಿಟ್ಟಿನ ಚೀಲವೇ ಕಣ್ಣ ಮುಂದೆ. ಆದರೆ ಮಣ್ಣು ಒದ್ದೆಯಾಗಿತ್ತು, ಕರ್ರಗಿತ್ತು. ಬಟಾಣಿ ಕಾಳನ್ನು ಬೆರಳಲ್ಲಿ ಒತ್ತಿದಾಗ ಮೊಣಕೈವರೆಗೆ ತಣ್ಣಗಾಯಿತು. ಸಂಜೆಯೊಳಗೆ ಹೊಲ ಮುಗಿಯಿತು.

ಸೋಮವಾರ ಗೇಟಿನಲ್ಲಿ ಕಾವಲುಗಾರ "ಕೈ" ಅಂದ. ಮಾಕೆಲೆಲ್ಲೊ ಚಾಚಿದಳು. ನಾನು ಚಾಚಿದೆ. ಐದನೆಯವಳಿಗೆ ಅವನು ಉಗುರು ನೋಡುವುದನ್ನು ಬಿಟ್ಟು ಹೆನ್ನಿಯನ್ನು ಕರೆಯಲು ಓಡಿದ.

ಹೆನ್ನಿ ಸಾಲಿನುದ್ದಕ್ಕೂ ನಡೆದು ಅರವತ್ತನಾಲ್ಕು ಕೈ ನೋಡಿದ.

"ಹೋಗಿ, ತೊಳ್ಕೊಂಡು ಬನ್ನಿ."

"ಮೂರು ಸಲ ತೊಳೆದಾಯ್ತು ಸಾರ್," ಅಂದಳು ಮಾಲಿಂಪೊ. "ನಮ್ಮೂರ ಮಣ್ಣು. ಅಷ್ಟು ಬೇಗ ಬಿಡಲ್ಲ."

ಅವನು ಪ್ಲಾಸ್ಟಿಕ್ ಮನೆಗಳ ಕಡೆ ನೋಡಿದ. ಗಡಿಯಾರ ನೋಡಿದ. ಗೇಟು ತೆರೆಸಿದ. ಮುಖಗವಸಿನೊಳಗೆ ನಾವು ನಕ್ಕಿದ್ದು ಅವನಿಗೆ ಕಾಣಲಿಲ್ಲ.

ಡಿಸೆಂಬರಿನಲ್ಲಿ ಬಟಾಣಿ ಬಿಳಿ ಹೂ ಬಿಟ್ಟಿತು. ಒಂದು ಭಾನುವಾರ ಕಳೆ ತೆಗೆಯಲು ಎಲ್ಲರೂ ಹೋಗಿದ್ದೆವು. ಟ್ರಾಕ್ಟರಿನಲ್ಲಿ ಕಬ್ಬಿಣದ ಕಂಬ, ತಂತಿ ಸುರುಳಿ ಏರಿ ಬಂದವು. ಹಿಂದೆ ದೊರೆಯ ಪಿಕಪ್.

"ದೊರೆ, ಬಟಾಣಿ ಕಾಣ್ತಿಲ್ವಾ?" ಅಂದಳು ಮಾಕೆಲೆಲ್ಲೊ. "ಹಂಗಾಮಿನೊಳಗೇ ಬೀಜ ಹಾಕಿದೀನಿ. ಹೊಲ ನಂದು."

ದೊರೆ ಟೊಪ್ಪಿ ತೆಗೆದು ಅದರೊಳಗೆ ನೋಡಿದ. "ಕಂಪನಿಗೆ ಕಾಗದ ಆಗೋಗಿದೆ ಕಣಮ್ಮಾ. ಗುತ್ತಿಗೆ."

"ತೋರ್ಸಿ."

ಕೊಡಲು ಅವನಿಗೆ ಮನಸ್ಸಿರಲಿಲ್ಲ. ಮಾಲಿಂಪೊ ಬಂದು ಪಕ್ಕ ನಿಂತ ಮೇಲೆ ಕೊಟ್ಟ. ಮಾಕೆಲೆಲ್ಲೊ ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದಳು. ಹೊಲದ ಗುರುತು, ಮೂವತ್ತು ವರ್ಷದ ಅವಧಿ, ಸೆಂಪೆಯ ಸಹಿ. ಕೊನೆಗೆ ತಾರೀಖು. ಅದನ್ನು ಎರಡು ಸಲ ಓದಿದಳು. ಅವಳು ಹೆನ್ನಿಗೆ ಬೀಜದ ಡಬ್ಬಿ ಕೊಟ್ಟಳಲ್ಲ, ಆ ವಾರದ್ದು.

"ಮೂರು ವರ್ಷದ ಹಿಂದೇನೇ?" ಅಂದಳು. "ಆವಾಗ ನನ್ನ ಭಂಗಿ ಕೂಳೆ ಇನ್ನೂ ಹೊಲದಲ್ಲೇ ಇತ್ತಲ್ಲ ದೊರೆ."

ದೊರೆ ಪಿಕಪ್ ಹತ್ತಿ ಬಾಗಿಲು ಹಾಕಿಕೊಂಡ.

ಮೂವತ್ತೆರಡು ಜನರಲ್ಲಿ ಒಬ್ಬಳೂ ಸಾಲು ಬಿಟ್ಟು ಕದಲಲಿಲ್ಲ. ಬೇಲಿಯವರು ಸ್ವಲ್ಪ ಹೊತ್ತು ನಮ್ಮನ್ನು ನೋಡಿದರು. ಆಮೇಲೆ ನಮ್ಮನ್ನು ಒಳಗಿಟ್ಟುಕೊಂಡೇ ಸುತ್ತಲೂ ಗುಂಡಿ ತೋಡತೊಡಗಿದರು.

ಆ ಹೊಲ ಒಂದು ಹಂಗಾಮೂ ಬೀಳು ಬೀಳುವ ಮೊದಲೇ ದೊರೆ ಸೆಂಪೆ ತನ್ನ ಮಾತು ಮುರಿದಿದ್ದ.