ಮೂರು ದಿನದ ರಜೆ

ಶನಿವಾರ ಮಧ್ಯಾಹ್ನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಮರುದಿನದ ಪಾಠವನ್ನು ಗಟ್ಟಿಯಾಗಿ ಹೇಳಿ ನೋಡುವುದು ಟೀಚರಮ್ಮನ ಒಂಬತ್ತು ವರ್ಷದ ರೂಢಿ. ಭಾನುವಾರ ಚರ್ಚಿನ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಬೈಬಲ್ ಕಥೆ ಹೇಳುವವರು ಅವರು. ಶನಿವಾರ ಕೇಳುವವಳು ಮಾತ್ರ ಒಬ್ಬಳೇ: ಮನೆಯಲ್ಲೇ ಇದ್ದು ಕೆಲಸ ಮಾಡುವ ಚುರುಕಮ್ಮ. ಕೈಯ ವೇಗಕ್ಕೆ ಬಂದ ಅಡ್ಡಹೆಸರು ಅದು. ಬಾಯಿ ಕೈಗಿಂತ ಚುರುಕು.

ಈ ವಾರದ ಕಥೆ ಗುಲಾಮರ ಬಿಡುಗಡೆಯದು. ಈಜಿಪ್ಟಿನಲ್ಲಿ ಇಟ್ಟಿಗೆ ಮಾಡಿ ಬಸವಳಿದವರನ್ನು ಮೋಶೆ ಹೊರಗೆ ಕರೆತಂದದ್ದು. ಪಾಠ ಮುಗಿದಾಗ ಚುರುಕಮ್ಮ ಹಿಟ್ಟು ನಾದುತ್ತಲೇ ಬಾಯಿ ತೆರೆದಳು.

"ಅಮ್ಮಾ, ಮಗಳಿಗೆ ದಿನ ತುಂಬ್ತಾ ಬಂತು. ಮೂರು ದಿನ ನಮ್ಮ ದೇಶಕ್ಕೆ ಹೋಗಿ ಬರ್ಲಾ? ಗಡಿ ದಾಟೋಕೆ ಪಾಸ್‌ಪೋರ್ಟ್ ಬೇಕು. ಅದು ನಿಮ್ಮ ಬೀರುವಲ್ಲಿದೆ."

"ಈಗ್ಲಾ? ನೆಂಟರು ಬರೋ ಹೊತ್ತಲ್ಲಿ? ಇಲ್ಲಿ ನಿನಗೇನು ಕಮ್ಮಿ ಮಾಡಿದೀವಿ ಹೇಳು! ಮನೆಯವಳ ಹಾಗೆ ನೋಡ್ಕೊಂಡಿಲ್ವಾ?"

"ನೋಡ್ಕೊಂಡಿದೀರಿ, ಇಲ್ಲ ಅನ್ನಲ್ಲ. ಆದ್ರೆ ಮನೆಯವರು ಹೊರಗೆ ಹೋಗೋಕೆ ಬೀರುವಿನ ಕೀಲಿ ಕೇಳಬೇಕಾಗಿಲ್ಲ."

ಟೀಚರಮ್ಮ ಮುಖ ಊದಿಸಿಕೊಂಡು ಎದ್ದರು. ಕಳೆದುಹೋಗದಿರಲಿ ಎಂದು ತಾನೇ ಪಾಸ್‌ಪೋರ್ಟನ್ನು ಜೋಪಾನ ಮಾಡಿದ್ದು!

ಬೆಳಗಾಗುವಷ್ಟರಲ್ಲಿ ಅವರ ಗಂಟಲು ಕಟ್ಟಿತ್ತು. ಪಿಸುಮಾತೂ ಹೊರಡಲಿಲ್ಲ. ಮಕ್ಕಳು ಕಾಯುತ್ತಿರುತ್ತಾರೆ, ಕಥೆ ಪೂರ್ತಿ ಬಾಯಿಪಾಠ ಇರುವ ಇನ್ನೊಬ್ಬಳೆಂದರೆ ಚುರುಕಮ್ಮ. ಚೀಟಿಯಲ್ಲಿ ಬರೆದು ತೋರಿಸಿದರು: 'ಬಾ, ನೀನೇ ಹೇಳು.'

"ರಾಜನ ಹೆಸರು ಫರೋಹ," ಎಂದು ಚುರುಕಮ್ಮ ಮಕ್ಕಳ ಮುಂದೆ ಶುರುಮಾಡಿದಳು. "ತಾನು ಕೆಟ್ಟವನು ಅಂತ ಅವನಿಗೆ ಅನ್ನಿಸೇ ಇರ್ಲಿಲ್ಲ. ಊಟ ಹಾಕ್ತೀನಲ್ಲ, ಇನ್ನೇನು ಬೇಕು ಅಂದ್ಕೊಂಡಿದ್ದ. ಮೋಶೆ ಮೊದಲು ಕೇಳಿದ್ದೇನು ಗೊತ್ತಾ? ಬರೀ ಮೂರು ದಿನದ ರಜೆ. ದೇವರ ಹಬ್ಬ ಮಾಡ್ಕೊಂಡು ಬರೋಕೆ."

"ಕೊಟ್ನಾ?"

"ಎಲ್ಲಿ ಕೊಡ್ತಾನೆ! ಸೋಮಾರಿಗಳು ಅಂದ. ಆಮೇಲೆ ಬಂತು ನೋಡಿ, ಒಂದಲ್ಲ ಎರಡಲ್ಲ, ಹತ್ತು ಪೀಡೆ. ಹಾಸಿಗೇಲಿ ಕಪ್ಪೆ, ಒಲೇಲಿ ಕಪ್ಪೆ, ಹಿಟ್ಟು ನಾದೋ ಪಾತ್ರೇಲೂ ಕಪ್ಪೆ! ಅದನ್ನ ತೊಳೆದೋರ್ಯಾರು ಅಂತ ಮಾತ್ರ ಯಾರೂ ಬರ್ದಿಲ್ಲ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಹಿಂದಿನ ಬೆಂಚಿನಲ್ಲಿದ್ದ ಟೀಚರಮ್ಮ ನಗಲಿಲ್ಲ. ಮೂರು ದಿನದ ಆ ಮಾತನ್ನು ಅವರೇ ಎಷ್ಟೋ ಸಲ ಹೇಳಿದ್ದರು. ಕಿವಿಗೆ ಬಿದ್ದದ್ದು ಇವತ್ತು.

"ಸಮುದ್ರ ದಾಟಿದ ಮೇಲೆ ದೇವರು ಅವರಿಗೆ ಹೇಳಿದ: ವಾರಕ್ಕೊಂದಿನ ನೀವೂ ಕೂತ್ಕೊಳ್ಳಿ, ನಿಮ್ಮ ಕೆಲಸದವರನ್ನೂ ಕೂರಿಸಿ. ನೀವೂ ಒಂದು ಕಾಲಕ್ಕೆ ಗುಲಾಮರೇ, ಮರೀಬೇಡಿ."

ಹೇಳುವಾಗ ಅವಳು ಹಿಂದಿನ ಬೆಂಚಿನ ಕಡೆ ಕಣ್ಣೆತ್ತಲಿಲ್ಲ. ಮಕ್ಕಳ ಎದುರು ತಮ್ಮ ಮಾನ ಕಾಯ್ದಳೆಂದು ಟೀಚರಮ್ಮನಿಗೆ ಗೊತ್ತಾಯಿತು.

ಮನೆಗೆ ಬಂದವರೇ ಬೀರು ತೆರೆದು ಪಾಸ್‌ಪೋರ್ಟನ್ನು ಅವಳ ಕೈಗಿಟ್ಟರು. ಜೊತೆಗೊಂದು ಚೀಟಿ: 'ಇನ್ನು ಇದು ನಿನ್ನ ಹತ್ತಿರವೇ ಇರಲಿ. ಬೇಕಾದಷ್ಟು ದಿನ ಇದ್ದು ಬಾ. ಬಂದ ಮೇಲೆ ಪ್ರತಿ ಭಾನುವಾರ ನಿನಗೆ ರಜೆ.'

"ಭಾನುವಾರ ಅಡುಗೆ ಯಾರು ಮಾಡ್ತಾರೆ?"

ಟೀಚರಮ್ಮ ತಮ್ಮ ಎದೆ ಮುಟ್ಟಿ ತೋರಿಸಿದರು.

"ಅಯ್ಯೋ, ಪಾಪ ಯಜಮಾನ್ರು! ಅವರಿಗೆ ಹನ್ನೊಂದನೇ ಪೀಡೆ!"

ಟೀಚರಮ್ಮ ದನಿಯಿಲ್ಲದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಭ್ಯಾಸಬಲದಿಂದ ಪಾತ್ರೆಗೆ ಕೈಹಾಕಿದವಳನ್ನು ಪಕ್ಕಕ್ಕೆ ಸರಿಸಿ, ತಾವೇ ನಲ್ಲಿ ತಿರುಗಿಸಿದರು.

ಸ್ವಲ್ಪ ಹೊತ್ತಿಗೆ ಚುರುಕಮ್ಮ ಚೀಲ ಹಿಡಿದು ಹೊಸ್ತಿಲ ಬಳಿ ನಿಂತಿದ್ದಳು.

"ಹತ್ತು ದಿನ ಬಿಟ್ಟು ಬರ್ತೀನಮ್ಮಾ," ಎಂದಳು. ಈ ಸಲ ಕೇಳಲಿಲ್ಲ, ಹೇಳಿದಳು.